ಹಗ್ಗಕ್ಕೆ ಒಣಹಾಕಲಾಗದ ಬಟ್ಟೆ: ಸೌಂದರ್ಯ ಶಸ್ತ್ರಚಿಕಿತ್ಸೆಗೆ ನಮ್ಮ ಭಾಗದವರು ಯಾಕೆ ಹೋಗುತ್ತಾರೆ, ಯಾಕೆ ಮುಚ್ಚಿಡುತ್ತಾರೆ?

ನಿವೃತ್ತ ಶುಶ್ರೂಷಕಿ, ಕಲಬುರಗಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ 28 ವರ್ಷ ದುಡಿದು ಈಚೆಗೆ ನಿವೃತ್ತಳಾಗಿದ್ದೇನೆ. ಕೆಲಸದ ಕೊನೆಯ ಹತ್ತು ವರ್ಷಗಳಲ್ಲಿ ಒಂದು ಬಗೆಯ ರೋಗಿಗಳನ್ನು ಮೇಲಿಂದ ಮೇಲೆ ಕಂಡೆ. ಅವರ ಶಸ್ತ್ರಚಿಕಿತ್ಸೆ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಪುಣೆಯಲ್ಲೋ ಆಗಿರುತ್ತಿತ್ತು. ನಾಲ್ಕೈದು ದಿನ ಕಳೆದು ಹೊಲಿಗೆಯ ಜಾಗ ಕೆಂಪಾಗಿ, ನೀರು ತುಂಬಿಕೊಂಡಾಗ, ಸಂಜೆ ಜನ ಕಡಿಮೆಯಾದ ಹೊತ್ತು ನೋಡಿ ನಮ್ಮ ಡ್ರೆಸಿಂಗ್ ಕೋಣೆಗೆ ಬರುತ್ತಿದ್ದರು. ಏನು ಮಾಡಿಸಿದ್ದಿರಿ ಎಂದು ಕೇಳಿದರೆ "ಸಣ್ಣ ಗಂಟು ತೆಗೆಸಿದ್ದೆವು" ಎಂಬುದು ಮೊದಲ ಉತ್ತರ. ಮೂರನೆಯ ಸಲ ಕೇಳಿದಾಗ, ಅದೂ ಜೊತೆಗೆ ಬಂದವರು ಹೊರಗೆ ಹೋದ ಮೇಲೆ, ನಿಜ ಹೊರಬೀಳುತ್ತಿತ್ತು.

ಅವರಲ್ಲಿ ಒಬ್ಬ ಹುಡುಗಿಯನ್ನು ನಾನು ಮರೆಯಲಾರೆ. ಏಪ್ರಿಲ್ ತಿಂಗಳು, ನಮ್ಮೂರಿನ ಏಪ್ರಿಲ್ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹೊಟ್ಟೆ ಮತ್ತು ತೊಡೆಯ ಕೊಬ್ಬನ್ನು ಲೈಪೊಸಕ್ಷನ್ ಮಾಡಿಸಿ ತೆಗೆಸಿಕೊಂಡಿದ್ದಳು. ಈ ಚಿಕಿತ್ಸೆಯ ನಂತರ ಕೆಲವು ವಾರಗಳ ಕಾಲ ಮೈಗೆ ಬಿಗಿಯಾಗಿ ಅಂಟುವ ಒಂದು ಬಟ್ಟೆಯನ್ನು ತೊಡಬೇಕಾಗುತ್ತದೆ. ಬಾವು ಇಳಿಯಲು, ಕೊಬ್ಬು ತೆಗೆದ ಜಾಗದಲ್ಲಿ ನೀರು ನಿಲ್ಲದಿರಲು ಅದು ನೆರವಾಗುತ್ತದೆ. ಆಕೆ ಮೂರನೆಯ ದಿನವೇ ಅದನ್ನು ತೆಗೆದಿಟ್ಟಿದ್ದಳು. ಬಿಸಿಲಿಗೆ ತಾಳಲಾಗಲಿಲ್ಲವೇ ಎಂದು ಕೇಳಿದೆ. ಬಿಸಿಲನ್ನು ಹೇಗೋ ತಾಳಿಕೊಂಡಿದ್ದೆ, ಆದರೆ ಒಗೆದ ಮೇಲೆ ಅದನ್ನು ಹಗ್ಗಕ್ಕೆ ಒಣಹಾಕಿದರೆ ವೈನಿ ಏನಿದು ಎಂದು ಕೇಳುತ್ತಾರೆ ಎಂದಳು.

ಸೌಂದರ್ಯ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತು ಬಂದಾಗ ಚಂದ ಕಾಣುವ ಆಸೆಯ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನಾನು ಕಂಡಂತೆ ನಮ್ಮ ಭಾಗದ ರೋಗಿ ಎಲ್ಲಕ್ಕಿಂತ ಮೊದಲು ಬಯಸುವುದು ಗುಟ್ಟನ್ನು. ಯಾವ ಊರಿಗೆ ಹೋಗಬೇಕು, ಯಾವ ತಿಂಗಳಲ್ಲಿ ಹೋಗಬೇಕು, ಎಷ್ಟು ದಿನಕ್ಕೆ ಮರಳಬೇಕು ಎಂಬುದನ್ನೆಲ್ಲ ಆ ಗುಟ್ಟೇ ತೀರ್ಮಾನಿಸುತ್ತದೆ, ವೈದ್ಯರ ಅರ್ಹತೆಯ ವಿಚಾರಣೆ ಆಮೇಲೆ ಬರುತ್ತದೆ. ಇದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ನೀವು ಅಥವಾ ನಿಮ್ಮವರು ಮಾಡಿಸಿಕೊಂಡಿದ್ದರೆ ಯಾಕೆ ಹೋದಿರಿ, ವೈದ್ಯರಲ್ಲಿ ಏನು ಕೇಳಿದಿರಿ, ಯಾವುದನ್ನು ಹೇಳದೆ ಉಳಿಸಿಕೊಂಡಿರಿ ಎಂದು ಹೆಸರಿಲ್ಲದೆ ಬರೆಯಬೇಕೆಂದು ವಿನಂತಿ.

ಶಾಲಾ ಶಿಕ್ಷಕ, ಬೀದರ್ ಜಿಲ್ಲೆ

ಅಕ್ಕನವರೇ, ನೀವು ಈ ಮಾತನ್ನು ಎತ್ತಿದ್ದಕ್ಕೆ ಧನ್ಯವಾದಗಳು. ನನ್ನ ಮಗನ ವಿಷಯ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವನ ಎದೆ ಹೆಣ್ಣುಮಕ್ಕಳ ಎದೆಯಂತೆ ಬೆಳೆಯತೊಡಗಿತು. ಅಲ್ಲಿಯವರೆಗೆ ಗರಡಿಗೆ ಹೋಗಿ ಕುಸ್ತಿ ಕಲಿಯುತ್ತಿದ್ದ ಹುಡುಗ ಒಂದು ದಿನ ಗರಡಿ ಬಿಟ್ಟ. ನಾನು ಓದಿನ ಕಡೆ ಮನಸ್ಸು ಬಂತು ಎಂದು ಸಂತೋಷಪಟ್ಟೆ. ಬೇಸಿಗೆಯಲ್ಲೂ ಎರಡು ಬನಿಯನ್ ಹಾಕಿಕೊಳ್ಳುತ್ತಿದ್ದ, ಭುಜ ಮುಂದಕ್ಕೆ ಬಾಗಿಸಿ ನಡೆಯುತ್ತಿದ್ದ. ಎರಡು ವರ್ಷ ನನಗೆ ತಿಳಿಯಲಿಲ್ಲ. ಈ ಮಾತು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಹರೆಯದಲ್ಲಿ ಗಂಡುಹುಡುಗರಿಗೆ ಹೀಗಾಗುವುದು ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಕಾಯಿರಿ ಎಂದು ಇಲ್ಲಿನ ವೈದ್ಯರು ಹೇಳಿದರು. ಕಾದೆವು. ಹಾರ್ಮೋನುಗಳ ಪರೀಕ್ಷೆ ಮಾಡಿಸಿದೆವು, ಅದರಲ್ಲಿ ದೋಷವಿರಲಿಲ್ಲ. ಹತ್ತೊಂಬತ್ತು ತುಂಬಿದರೂ ಇಳಿಯದಿದ್ದಾಗ ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅಲ್ಲಿಯ ವೈದ್ಯರು ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಏನು ಬೇಕೆಂದು ಕೇಳಿದರಂತೆ. "ಮಣ್ಣಿನ ಮೇಲೆ ಅಂಗಿ ಬಿಚ್ಚಿ ನಿಲ್ಲಬೇಕು" ಎಂದನಂತೆ. ಇದನ್ನು ಸೌಂದರ್ಯದ ಆಸೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ನೆಂಟರಿಗೆ ನಾವು ಹೇಳಿದ್ದು ಮಾತ್ರ ಅಪೆಂಡಿಕ್ಸ್ ಎಂದೇ. ಅಲ್ಲಿಗೆ ಅಕ್ಕನವರ ಮಾತು ನಮ್ಮ ಮನೆಗೂ ತಾಗಿತು.

ಪ್ಲಾಸ್ಟಿಕ್ ಸರ್ಜರಿ ತರಬೇತಿಯಲ್ಲಿರುವ ವೈದ್ಯ, ಮೂಲತಃ ಸೇಡಂ

ಶಿಕ್ಷಕರ ಮಗನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದ ಆ ವೈದ್ಯರು ಸರಿಯಾದ ಕೆಲಸ ಮಾಡಿದ್ದಾರೆ. ನಮ್ಮ ಹೊರರೋಗಿ ವಿಭಾಗದಲ್ಲಿ ಏನು ಬೇಕು ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ಈಗಲೇ ಯಾಕೆ ಎಂಬುದು. ಹತ್ತು ವರ್ಷಗಳಿಂದ ಮೂಗಿನ ಡೊಂಕು ನನ್ನನ್ನು ಕಾಡುತ್ತಿದೆ, ಈಗ ಸಂಬಳ ಬರುತ್ತಿದೆ, ಮಾಡಿಸಿಕೊಳ್ಳುತ್ತೇನೆ ಎನ್ನುವವರ ಬಯಕೆ ಅವರದೇ. ಗಂಡ ಬೇರೆ ಹೆಂಗಸಿನ ಕಡೆ ನೋಡುತ್ತಿದ್ದಾನೆ, ಹೊಟ್ಟೆ ಕರಗಿದರೆ ಮರಳಿ ಬರುತ್ತಾನೆ ಎನ್ನುವವರ ಬಯಕೆ ಇನ್ನೊಬ್ಬರ ಮನಸ್ಸಿನ ಮೇಲೆ ನಿಂತಿರುತ್ತದೆ. ಆ ಮನಸ್ಸನ್ನು ನಾವು ಯಾರೂ ಕೊಯ್ದು ಹೊಲಿಯಲಾರೆವು. ಮೊದಲ ಬಗೆಯವರು ಸಾಮಾನ್ಯವಾಗಿ ಫಲಿತಾಂಶದಿಂದ ತೃಪ್ತರಾಗುತ್ತಾರೆ, ಎರಡನೆಯ ಬಗೆಯವರಿಗೆ ಶಸ್ತ್ರಚಿಕಿತ್ಸೆ ಚೆನ್ನಾಗಿ ಆದರೂ ನಿರಾಸೆ ಉಳಿಯುವ ಸಂಭವ ಹೆಚ್ಚು.

ಮಾರ್ಕ್ ಗೋರ್ನಿ ಎಂಬ ಅಮೆರಿಕದ ಶಸ್ತ್ರಚಿಕಿತ್ಸಕರು ಇದಕ್ಕೊಂದು ಸರಳ ನಕ್ಷೆ ಬರೆದುಕೊಟ್ಟಿದ್ದಾರೆ. ಒಂದು ಗೆರೆಯ ಮೇಲೆ ಕೊರತೆ ಎಷ್ಟು ದೊಡ್ಡದು ಎಂಬುದನ್ನೂ ಇನ್ನೊಂದರ ಮೇಲೆ ರೋಗಿಯ ಚಿಂತೆ ಎಷ್ಟು ದೊಡ್ಡದು ಎಂಬುದನ್ನೂ ಗುರುತಿಸಬೇಕು. ದೊಡ್ಡ ಕೊರತೆಯಿದ್ದು ಚಿಂತೆ ಅಳತೆಯಲ್ಲಿದ್ದರೆ ಸ್ವಲ್ಪ ಸುಧಾರಣೆಗೂ ಆ ರೋಗಿ ಸಂತೋಷಪಡುತ್ತಾರೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಕೊರತೆಗೆ ಊಟ, ನಿದ್ದೆ, ಕಾಲೇಜು ಬಿಟ್ಟಿದ್ದರೆ ಅಲ್ಲಿ ಚಾಕುವಿಗೆ ಕೆಲಸವಿಲ್ಲ. ಇಂಥ ಅತಿಯಾದ ಚಿಂತೆ ಒಂದು ಮನೋರೋಗ; ಇಟಲಿಯ ಮನೋವೈದ್ಯ ಎನ್ರಿಕೊ ಮೊರ್ಸೆಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಇದಕ್ಕೆ ಡಿಸ್ಮಾರ್ಫೊಫೋಬಿಯಾ ಎಂದು ಹೆಸರಿಟ್ಟರು. ಸಾಮಾನ್ಯ ಜನರಲ್ಲಿ ಇದು ನೂರಕ್ಕೆ ಸುಮಾರು ಇಬ್ಬರಿಗಿದ್ದರೆ ಸೌಂದರ್ಯ ಚಿಕಿತ್ಸೆಗೆ ಬರುವವರಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಮನೋವೈದ್ಯರು ಕೊಡುವ ಮಾತ್ರೆ ಮತ್ತು ಆಪ್ತ ಸಮಾಲೋಚನೆಯಿಂದ ಇವರಿಗೆ ಗುಣ ಸಿಗುತ್ತದೆ; ಶಸ್ತ್ರಚಿಕಿತ್ಸೆ ಮಾಡಿದರೆ ಚಿಂತೆ ಮೂಗಿನಿಂದ ಗಲ್ಲಕ್ಕೆ ಇಳಿಯುತ್ತದೆ, ಅಷ್ಟೇ.

ರೋಗಿ ಬಯಸಿದ್ದು ಒಂದು, ವೈದ್ಯರಿಗೆ ಮುಖ್ಯವೆನಿಸಿದ್ದು ಇನ್ನೊಂದು ಆಗುವುದೂ ಉಂಟು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಮಹಿಳೆಗೆ ಜಗತ್ತಿನ ಮೊದಲ ಸಿಲಿಕೋನ್ ಸ್ತನದ ಕಸಿಯನ್ನು ಕ್ರೋನಿನ್ ಮತ್ತು ಜೆರೋ ಎಂಬ ವೈದ್ಯರು ಮಾಡಿದರು. ಆಕೆ ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿದ್ದ ಹಚ್ಚೆ ತೆಗೆಸಲು. ಹೊಸ ಪ್ರಯೋಗಕ್ಕೆ ಒಪ್ಪುತ್ತೀರಾ ಎಂದು ವೈದ್ಯರು ಕೇಳಿದಾಗ, ಅದಕ್ಕಿಂತ ನನ್ನ ಚಾಚಿದ ಕಿವಿಗಳನ್ನು ಸರಿಪಡಿಸಿದರೆ ಒಳ್ಳೆಯದಿತ್ತು ಎಂದಳು. ಕಿವಿಯನ್ನೂ ಸರಿಮಾಡುತ್ತೇವೆ ಎಂದು ಹೇಳಿ ಒಪ್ಪಿಸಿದರು. ವೈದ್ಯಶಾಸ್ತ್ರ ನೆನಪಿಟ್ಟುಕೊಂಡಿರುವುದು ಸಿಲಿಕೋನನ್ನು. ಆಕೆ ಬಾಯಿಬಿಟ್ಟು ಕೇಳಿದ್ದು ಕಿವಿಯನ್ನು.

ಇನ್ನು ಗುಟ್ಟಿನ ವಿಷಯ. ಊರಿಗೆ ಮುಚ್ಚಿಟ್ಟರೆ ನಮಗೇನೂ ತೊಂದರೆಯಿಲ್ಲ, ನಮಗೇ ಮುಚ್ಚಿಟ್ಟರೆ ಅಪಾಯ. ಗುಟ್ಕಾ, ತಂಬಾಕು, ಸಿಗರೇಟಿನ ಅಭ್ಯಾಸವನ್ನು ತಂದೆಯ ಎದುರಿಗೆ ಯಾವ ಹುಡುಗನೂ ಹೇಳುವುದಿಲ್ಲ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಚರ್ಮವನ್ನು ಎತ್ತಿ ಸರಿಸಿದ ಜಾಗಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯಬಹುದು.

ಖಾಸಗಿ ಉದ್ಯೋಗಿ, ಯಾದಗಿರಿ

ನನ್ನ ವಯಸ್ಸು 27. ಕಳೆದ ವರ್ಷ ನಿಶ್ಚಿತಾರ್ಥಕ್ಕೆ ಮೂರು ತಿಂಗಳಿರುವಾಗ ದೂರದ ನಗರವೊಂದರಲ್ಲಿ ಕೂದಲು ಕಸಿ ಮಾಡಿಸಿಕೊಂಡೆ. ಮನೆಯಲ್ಲಿ ಕಂಪನಿಯ ತರಬೇತಿ ಎಂದು ಹೇಳಿದ್ದೆ. ಮೊಬೈಲ್‌ನಲ್ಲಿ ಕಂಡ ಜಾಹೀರಾತು ನೋಡಿ ಹೋದವನು. ಒಳಗೆ ಹೋದ ಮೇಲೆ ವೈದ್ಯರನ್ನು ಕಂಡದ್ದು ಐದು ನಿಮಿಷ, ಉಳಿದ ಆರೇಳು ಗಂಟೆ ಕೆಲಸ ಮಾಡಿದವರು ಯಾರು, ಏನು ಓದಿದವರು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಹದಿನೆಂಟನೆಯ ವಯಸ್ಸಿನ ಒಂದು ಫೋಟೊ ತೋರಿಸಿ ಹಣೆಯ ಗೆರೆ ಹೀಗೇ ಬೇಕು ಎಂದು ಕೇಳಿದೆ. ಅವರು ಒಂದು ಮಾತೂ ಎದುರಾಡದೆ ಹಾಗೆಯೇ ಗೆರೆ ಎಳೆದರು. ನೆಟ್ಟ ಕೂದಲು ಒಂದು ತಿಂಗಳಿಗೆ ಬಹುತೇಕ ಉದುರಿತು. ಅದು ಸಹಜ, ಮತ್ತೆ ಹುಟ್ಟುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ನಿಶ್ಚಿತಾರ್ಥದ ದಿನ ಟೋಪಿ ಹಾಕಿಕೊಂಡು ಕೂರುವ ಸ್ಥಿತಿ ಬಂತು. ಈಗ ಮುಂದೆ ಕೂದಲು ಬಂದಿದೆ, ಆದರೆ ಅದರ ಹಿಂದಿನ ಹಳೆಯ ಕೂದಲು ಉದುರುತ್ತಾ ನಡುವೆ ಬಯಲು ಬಿದ್ದಿದೆ. ಇನ್ನೊಮ್ಮೆ ಮಾಡಿಸಬೇಕೇ ಎಂದು ಕೇಳಲು ಯಾರೂ ಇಲ್ಲ. ಹೆಂಡತಿಯಾಗುವವಳಿಗೆ ಹೇಳಿದ್ದೇನೆ, ಅವಳು ಅರ್ಥಮಾಡಿಕೊಂಡಳು. ಅವ್ವ ಅಪ್ಪನಿಗೆ ಇಂದಿಗೂ ಗೊತ್ತಿಲ್ಲ.

ಪ್ಲಾಸ್ಟಿಕ್ ಸರ್ಜರಿ ತರಬೇತಿಯಲ್ಲಿರುವ ವೈದ್ಯ, ಮೂಲತಃ ಸೇಡಂ

ತಮ್ಮಾ, ನಿನ್ನ ತಪ್ಪು ಇದರಲ್ಲಿ ಕಡಿಮೆ. ಹದಿನೆಂಟರ ಹಣೆಯನ್ನು ಇಪ್ಪತ್ತೇಳರಲ್ಲಿ ಕೊಡಬಾರದು ಎಂದು ಹೇಳಬೇಕಾದದ್ದು ಅವರ ಕರ್ತವ್ಯವಾಗಿತ್ತು. ಕಸಿಗೆ ಬೇಕಾದ ಕೂದಲನ್ನು ತೆಗೆಯುವುದು ತಲೆಯ ಹಿಂಭಾಗದಿಂದ, ಅದು ಲೆಕ್ಕದ ಬಂಡವಾಳ. ಅದನ್ನೆಲ್ಲ ಮುಂದಿನ ಗೆರೆಗೆ ಸುರಿದರೆ ನಲವತ್ತರ ವಯಸ್ಸಿನ ಬೋಳಿಗೆ ಉಳಿಯುವುದಿಲ್ಲ. ಕಸಿಯ ಪೂರ್ಣ ಫಲ ಕಾಣಲು ಸುಮಾರು ಒಂದು ವರ್ಷ ಬೇಕು, ಆದ್ದರಿಂದ ಮದುವೆಯ ಮುಹೂರ್ತಕ್ಕೆ ಸರಿಹೊಂದಿಸಿ ಮಾಡಿಸುವ ಚಿಕಿತ್ಸೆ ಇದಲ್ಲ.

ಎಲ್ಲರೂ ಗಮನಿಸಬೇಕಾದ ವಿಷಯ ಇನ್ನೊಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯು ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಇದಕ್ಕೆ ವಿಧಿವತ್ತಾದ ತರಬೇತಿ ಪಡೆದ ವೈದ್ಯರೇ ಬೇಕು, ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ಸಾಲದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಎರಡನೆಯ ಕಸಿಗೆ ಅವಸರ ಮಾಡಬೇಡ. ಉಳಿದ ಕೂದಲನ್ನು ಔಷಧಿಯಿಂದ ಎಷ್ಟು ಉಳಿಸಬಹುದು ಎಂದು ಮೊದಲು ಚರ್ಮರೋಗ ತಜ್ಞರಲ್ಲಿ ಕೇಳು.

ತೊಗರಿ ಬೆಳೆಗಾರ, ಆಳಂದ ತಾಲ್ಲೂಕು

ನಾನು ಇದನ್ನೆಲ್ಲ ಒಪ್ಪುವುದಿಲ್ಲ, ಬೇಸರ ಮಾಡಿಕೊಳ್ಳಬಾರದು. ನಮ್ಮ ಊರಿನಲ್ಲಿ ಒಬ್ಬರು ಮಗಳ ಮೂಗು ಸರಿಮಾಡಿಸಲು ಆ ವರ್ಷದ ತೊಗರಿಯ ದುಡ್ಡನ್ನೆಲ್ಲ ಸುರಿದು, ಸಾಲದ್ದಕ್ಕೆ ಕೈಗಡ ತಂದರು. ಹುಡುಗಿ ಕೇಳಿರಲಿಲ್ಲ. ನೋಡಲು ಬಂದವರು ಎರಡು ಸಲ ಮೂಗಿನ ಮಾತು ಎತ್ತಿದ್ದರು. ವಿಮೆಯವರು ಒಂದು ಪೈಸೆ ಕೊಡಲಿಲ್ಲ. ಹೆಣ್ಣು ನೋಡಲು ಬರುವವರ ನಾಲಿಗೆಗೆ ಹೆದರಿ ನಮ್ಮ ಮಕ್ಕಳ ಮೈಯನ್ನು ಕೊಯ್ಯಿಸುತ್ತಾ ಹೋದರೆ ನಾಳೆ ಬಣ್ಣದ ಮಾತು, ನಾಡಿದ್ದು ಎತ್ತರದ ಮಾತು ಬರುತ್ತದೆ. ಬಯಕೆ ಯಾರದು ಎಂದು ವೈದ್ಯರು ಕೇಳಿದರೆ ಸಾಲದು, ಹುಡುಗಿಯ ಅಪ್ಪ ಅವ್ವನನ್ನೂ ಹೊರಗೆ ಕಳಿಸಿ ಕೇಳಬೇಕು.

ನಿವೃತ್ತ ಶುಶ್ರೂಷಕಿ, ಕಲಬುರಗಿ

ಅಣ್ಣನವರೇ, ನಿಮ್ಮ ಕೊನೆಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ವಿಮೆಯ ವಿಷಯವೂ ಹಾಗೆಯೇ: ಅಪಘಾತ, ಸುಟ್ಟಗಾಯ, ಕ್ಯಾನ್ಸರ್‌ನಿಂದ ಹಾಳಾದ ಅಂಗವನ್ನು ಮರಳಿ ಕಟ್ಟುವುದಕ್ಕೆ ಸಾಮಾನ್ಯವಾಗಿ ವಿಮೆ ಒದಗುತ್ತದೆ, ರೂಪ ಬದಲಿಸುವುದಕ್ಕೆ ಇಲ್ಲ.

ಆದರೆ ಮುಖದ ಕೊರತೆ ಎಂದರೆ ಮಾನದ ಮಾತು ಎಂದು ನಮ್ಮ ಜನ ತಿಳಿದದ್ದು ಇಂದು ನಿನ್ನೆಯಲ್ಲ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆಯ, ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿಯು ಹಣೆಯ ಚರ್ಮವನ್ನು ತಿರುಗಿಸಿ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಆ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು, ಅದನ್ನು ಓದಿ ಅಭ್ಯಾಸ ಮಾಡಿದ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅಲ್ಲಿ ಅದೇ ವಿಧಾನವನ್ನು ಮಾಡಿದ. ಕಾವಸಜಿಗೆ ಉಸಿರಾಡಲು ಆ ಮೂಗು ಬೇಕಾಗಿತ್ತು ಎಂದು ನನಗೆ ತೋರುವುದಿಲ್ಲ. ನಾಲ್ಕು ಜನರ ನಡುವೆ ತಲೆ ಎತ್ತಿ ನಡೆಯಲು ಬೇಕಾಗಿತ್ತು.

ಗೃಹಿಣಿ, ಬಸವಕಲ್ಯಾಣ

ನಮ್ಮ ಮನೆಯಲ್ಲಿ ಗುಟ್ಟಿಲ್ಲದೆ ನಡೆದದ್ದನ್ನು ಹೇಳುತ್ತೇನೆ. ನಮ್ಮ ಅವ್ವನಿಗೆ 72 ವರ್ಷ. ಹರೆಯದಿಂದ ತೂಕದ ಬೆಂಡೋಲೆ ಹಾಕಿ ಹಾಕಿ ಕಿವಿಯ ತೂತು ಕೆಳಗಿಳಿದು, ಕೊನೆಗೆ ಒಂದು ಹಾಲೆ ಎರಡಾಗಿ ಸೀಳಿತ್ತು. ಹತ್ತು ವರ್ಷ ಸೆರಗು ಮುಚ್ಚಿಕೊಂಡೇ ಮದುವೆಮನೆಗಳಿಗೆ ಹೋದಳು. ಮೊಮ್ಮಗನ ಮದುವೆ ಗೊತ್ತಾದಾಗ, ನನ್ನ ಅತ್ತೆ ಕೊಟ್ಟ ಓಲೆಯನ್ನು ಆ ದಿನ ಹಾಕಿಕೊಳ್ಳಬೇಕು ಎಂದು ಹಟ ಹಿಡಿದಳು.

ಸ್ಥಳೀಯ ಅರಿವಳಿಕೆ ಕೊಟ್ಟು ಅರ್ಧ ಗಂಟೆಯಲ್ಲಿ ಹೊಲಿದರು, ಅದೇ ದಿನ ಮನೆಗೆ ಬಂದಳು. ಅವ್ವನ ಒಂದೇ ಕೋರಿಕೆ, ತೂತು ಮೊದಲಿದ್ದ ಜಾಗದಲ್ಲೇ ಬೇಕು ಎಂಬುದು. ಹೊಲಿಗೆಯ ಗಾಯದ ಮೇಲೆಯೇ ಚುಚ್ಚಿದರೆ ಮತ್ತೆ ಸೀಳುತ್ತದೆ, ಎರಡು ಮೂರು ತಿಂಗಳು ಬಿಟ್ಟು ಪಕ್ಕದಲ್ಲಿ ಚುಚ್ಚಿಸಬೇಕು ಎಂದು ವೈದ್ಯರು ತಾಳ್ಮೆಯಿಂದ ಹೇಳಿದರು. ನಮ್ಮ ಕಡೆಯ ಮೈಬಣ್ಣಕ್ಕೆ ಗಾಯದ ಕಲೆ ಗಡ್ಡೆಯಂತೆ ಉಬ್ಬುವ ಸಂಭವ ಹೆಚ್ಚೆಂದು, ಮನೆಯಲ್ಲಿ ಯಾರಿಗಾದರೂ ಹಾಗಾಗಿದೆಯೇ ಎಂದೂ ಕೇಳಿದರು. ನನ್ನ ಭುಜದ ಮೇಲಿದ್ದದ್ದನ್ನು ತೋರಿಸಿದೆ, ಅದಕ್ಕಾಗಿ ಮೂರು ಸಲ ಮರಳಿ ಕರೆಸಿ ಪರೀಕ್ಷಿಸಿದರು. ನಾನು ಜೊತೆಗಿರದಿದ್ದರೆ ಆ ಪ್ರಶ್ನೆಗೆ ಅವ್ವ ಇಲ್ಲ ಎಂದೇ ಹೇಳಿಬಿಡುತ್ತಿದ್ದಳು.

ಅವ್ವ ಓಣಿಗೆಲ್ಲ ಕಿವಿ ತೋರಿಸಿಕೊಂಡು ಬಂದಳು. ಆ ವರ್ಷ ನಮ್ಮ ಓಣಿಯಿಂದ ಇನ್ನೂ ಐದು ಜನ ಹೆಂಗಸರು ಹೋಗಿ ಹೊಲಿಸಿಕೊಂಡರು.

ಅನಾಮಿಕ ಸದಸ್ಯೆ, ಕಲಬುರಗಿ ಜಿಲ್ಲೆ

ಇಷ್ಟು ಓದಿದ ಮೇಲೆ ಬರೆಯುವ ಧೈರ್ಯ ಬಂತು. ಹನ್ನೊಂದು ವರ್ಷಗಳ ಹಿಂದೆ ಸ್ಟೋವ್ ಸಿಡಿದು ನನ್ನ ಕತ್ತು, ಎಡಗೆನ್ನೆ ಸುಟ್ಟವು. ಕತ್ತಿನ ಚರ್ಮ ಎಳೆದುಕೊಂಡು ಗಲ್ಲ ಎದೆಯ ಕಡೆಗೆ ಬಾಗಿತ್ತು. ವೈದ್ಯರು ತೊಡೆಯ ಚರ್ಮ ತೆಗೆದು ಕಸಿ ಮಾಡಿ ಕತ್ತು ಎತ್ತುವಂತೆ ಮಾಡಿದರು. ಅವರ ಋಣ ನಾನು ತೀರಿಸಲಾರೆ. ಆದರೆ ಎರಡನೆಯ ಬಾರಿ ಹೋದಾಗ, ಕತ್ತು ಇನ್ನಷ್ಟು ತಿರುಗಬೇಕು ಎಂಬುದು ಅವರ ಗುರಿಯಾಗಿತ್ತು, ನನಗೆ ಬೇಕಾಗಿದ್ದದ್ದು ಹುಬ್ಬು. ಎಡಗಡೆ ಹುಬ್ಬಿಲ್ಲದ ನನ್ನ ಮುಖವನ್ನು ನನ್ನ ಮಗು ಬೆರಳಿನಿಂದ ಸವರಿ "ಇದು ಎಲ್ಲಿ ಹೋಯಿತು" ಎಂದು ಕೇಳುತ್ತಿತ್ತು. ಬದುಕಿ ಉಳಿದದ್ದೇ ದೊಡ್ಡದು, ಹುಬ್ಬಿನ ಮಾತು ಎತ್ತಿದರೆ ಏನೆಂದುಕೊಳ್ಳುತ್ತಾರೋ ಎಂದು ನಾಲ್ಕು ವರ್ಷ ಸುಮ್ಮನಿದ್ದೆ.

ಕೊನೆಗೆ ಕೇಳಿದ್ದು ವೈದ್ಯರನ್ನಲ್ಲ, ಡ್ರೆಸಿಂಗ್ ಮಾಡುತ್ತಿದ್ದ ಒಬ್ಬ ಸಿಸ್ಟರನ್ನು. ಅವರು ಹೋಗಿ ಹೇಳಿದರು. ತಲೆಯ ಹಿಂದಿನ ಕೂದಲನ್ನು ತೆಗೆದು ಹುಬ್ಬಿನ ಜಾಗದಲ್ಲಿ ನೆಟ್ಟರು. ಅದು ತಲೆಗೂದಲಾದ್ದರಿಂದ ಬೆಳೆಯುತ್ತಲೇ ಇರುತ್ತದೆ, ಹದಿನೈದು ದಿನಕ್ಕೊಮ್ಮೆ ಕತ್ತರಿಸಿಕೊಳ್ಳುತ್ತೇನೆ. ಅದಕ್ಕೆ ನನಗೆ ಬೇಸರವಿಲ್ಲ.

ನಿವೃತ್ತ ಶುಶ್ರೂಷಕಿ, ಕಲಬುರಗಿ

ತಂಗೀ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾಲ್ಕು ವರ್ಷ ಎಂಬ ಮಾತು ನನ್ನನ್ನು ಕುಟುಕುತ್ತಿದೆ, ಏಕೆಂದರೆ ನನ್ನ ಕೈಯಿಂದ ಡ್ರೆಸಿಂಗ್ ಮಾಡಿಸಿಕೊಂಡ ಎಷ್ಟೋ ಜನ ಹೀಗೇ ಸುಮ್ಮನಿದ್ದಿರಬೇಕು ಮತ್ತು ನಾನು ಗಾಯ ಒಣಗಿತೇ ಎಂದಷ್ಟೇ ನೋಡಿ ಕಳಿಸಿದ್ದೇನೆ.

ಮೊದಲು ಹೇಳಿದ ಆ ಹುಡುಗಿಯ ವಿಷಯವನ್ನು ಪೂರ್ತಿ ಮಾಡುತ್ತೇನೆ. ನೀರನ್ನು ಸೂಜಿಯಿಂದ ತೆಗೆದೆವು, ಸೋಂಕು ಆಗಿರಲಿಲ್ಲ. ಬಟ್ಟೆಯನ್ನು ಮತ್ತೆ ತೊಡಬೇಕು ಎಂದಾಗ ಅಳತೊಡಗಿದಳು. ಅವಳ ಒಪ್ಪಿಗೆ ಕೇಳಿ ವೈನಿಯನ್ನು ಒಳಗೆ ಕರೆದು ನಾನೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಜೊತೆ ತಂದರೆ ಒಂದು ಒಗೆದಾಗ ಇನ್ನೊಂದು ಹಾಕಬಹುದಲ್ಲವೇ ಎಂದು ಕೇಳಿದಳು.

ಖಾಸಗಿ ಉದ್ಯೋಗಿ, ಯಾದಗಿರಿ

ಅಕ್ಕನವರ ಬರಹ ಓದಿದ ರಾತ್ರಿ ಅವ್ವನಿಗೆ ಹೇಳಿದೆ. ತಲೆಗೆ ಎಣ್ಣೆ ಹಚ್ಚುವಾಗ ಹಿಂಭಾಗದ ಚುಕ್ಕೆ ಚುಕ್ಕೆ ಕಲೆಗಳನ್ನು ಯುಗಾದಿಗೆ ಮುಂಚೆಯೇ ಕಂಡಿದ್ದಳಂತೆ. ಏನೋ ದೊಡ್ಡ ಕಾಯಿಲೆ ಇರಬೇಕು, ನನಗೆ ಹೇಳುತ್ತಿಲ್ಲ ಎಂದುಕೊಂಡು ಇಷ್ಟು ದಿನ ಯಾರಿಗೂ ಹೇಳದೆ ಹೆದರಿಕೊಂಡಿದ್ದಳಂತೆ. ಬರುವ ವಾರ ಕಲಬುರಗಿಯ ಚರ್ಮರೋಗ ತಜ್ಞರ ಬಳಿಗೆ ಅವ್ವನೂ ಬರುತ್ತಾಳೆ.